ಹತ್ತು ವರ್ಷದ ಅನುಭವವೋ, ಚುರುಕು ತಲೆಯೋ?

ಪ್ರಶ್ನೆ:
ನಮ್ಮ ಟೀಮಿಗೆ ಒಬ್ಬರು ಲಿನಕ್ಸ್ ಅಡ್ಮಿನ್, ಅಂದರೆ ಸರ್ವರ್ ನೋಡಿಕೊಳ್ಳುವವರು, ಬೇಕು. ಕೊನೆಗೆ ಇಬ್ಬರು ಉಳಿದಿದ್ದಾರೆ. ಒಬ್ಬರಿಗೆ ಹತ್ತು ವರ್ಷದ ಅನುಭವ. ಇನ್ನೊಬ್ಬಳು ಈಗಷ್ಟೇ ಓದು ಮುಗಿಸಿದವಳು, ಆದರೆ ಹೇಳಿದ್ದನ್ನು ತಟ್ಟನೆ ಹಿಡಿಯುತ್ತಾಳೆ. ಮ್ಯಾನೇಜರ್ ರೆಸ್ಯೂಮೆ ನೋಡಿಯೇ ಮೊದಲನೆಯವರು ಸಾಕು ಅನ್ನುತ್ತಾರೆ. ನನಗೆ ಯಾಕೋ ಸಮಾಧಾನ ಇಲ್ಲ. ನೀವಾದರೆ ಏನು ಮಾಡುತ್ತೀರಿ?

ಉತ್ತರ 1:
ಇಬ್ಬರ ಮುಂದೆಯೂ ಕೆಟ್ಟು ನಿಂತ ಒಂದು ಮಷಿನ್ ಇಡಿ. ನಾನು ಯಾವಾಗಲೂ ಇಡುವುದು ಡಿಸ್ಕ್ ಫುಲ್ ಆದ ಸರ್ವರ್. ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಅಂತ ತೋರಿಸುವ ಡಿಎಫ್ ಕಮಾಂಡ್ ಹೊಡೆದರೆ ಪೂರ್ತಿ ತುಂಬಿದೆ ಅನ್ನುತ್ತದೆ. ಫೈಲುಗಳ ಗಾತ್ರ ಕೂಡಿಸಿ ಹೇಳುವ ಡಿಯು ಹೊಡೆದರೆ ಅರ್ಧವೂ ಇಲ್ಲ. ಯಾರೋ ದೊಡ್ಡ ಲಾಗ್ ಫೈಲ್ ಅಳಿಸಿದ್ದಾರೆ, ಆದರೆ ಅದಕ್ಕೆ ಬರೆಯುತ್ತಿದ್ದ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಇನ್ನೂ ಅದನ್ನು ಹಿಡಿದುಕೊಂಡೇ ಇದೆ. ಅದು ಬಿಡುವ ತನಕ ಲಿನಕ್ಸಿನ ತಿರುಳಾದ ಕರ್ನಲ್ ಜಾಗ ವಾಪಸ್ ಕೊಡುವುದಿಲ್ಲ.

ಇದನ್ನು ಮೊದಲೇ ಕಂಡವರು ನೇರವಾಗಿ, ಯಾವ ಪ್ರೋಸೆಸ್ ಯಾವ ಫೈಲ್ ಹಿಡಿದಿದೆ ಅಂತ ತೋರಿಸುವ ಎಲ್‌ಎಸ್‌ಒಎಫ್ ಹೊಡೆಯುತ್ತಾರೆ. ಅದಕ್ಕೆ ನಾನು ಜಾಸ್ತಿ ಮಾರ್ಕ್ಸ್ ಕೊಡುವುದಿಲ್ಲ. ಕಾಣದವರು ಏನು ಮಾಡುತ್ತಾರೆ, ಅದನ್ನು ನೋಡಿ. ಎರಡು ಲೆಕ್ಕ ಯಾಕೆ ತಾಳೆ ಆಗುತ್ತಿಲ್ಲ ಅಂತ ತಲೆ ಕೆರೆದುಕೊಂಡರೆ ಅವರು ಬೇಕು. ಸುಮ್ನೆ ಸಿಕ್ಕ ಸಿಕ್ಕ ಫೈಲ್ ಅಳಿಸುತ್ತಾ ಹೋದರೆ ಬೇಡ. ರೀಬೂಟ್ ಮಾಡಿದರೆ ಜಾಗವೇನೋ ಸಿಗುತ್ತದೆ, ಕಾರಣ ಸಿಗುವುದಿಲ್ಲ.

ಆಮೇಲೆ ಇನ್ನೊಂದಿದೆ. ಆ ಪ್ರೋಸೆಸ್ ಡೇಟಾಬೇಸಿನದು ಅಂತ ಇಟ್ಟುಕೊಳ್ಳಿ. ಕೈ ಹಾಕುವ ಮುಂಚೆ "ಈಗ ರೀಸ್ಟಾರ್ಟ್ ಮಾಡಬಹುದಾ? ಯಾರಾದರೂ ಬಳಸುತ್ತಿದ್ದಾರಾ?" ಅಂತ ಕೇಳುತ್ತಾರಾ? ಅನುಭವ ಕಾಣುವುದು ಅಲ್ಲೇ. ರೆಸ್ಯೂಮೆಯಲ್ಲಿ ಕಾಣಲ್ಲ.

ಉತ್ತರ 2:
ಬರೀ ವರ್ಷ ಎಣಿಸಬೇಡಿ. ರೆಡ್ ಹ್ಯಾಟ್ ಕಂಪನಿಯ ಎಂಟರ್‌ಪ್ರೈಸ್ ಲಿನಕ್ಸ್ 7 ಬಂದದ್ದು 2014ರಲ್ಲಿ, ಸರ್ವಿಸ್‌ಗಳನ್ನು ಶುರು ಮಾಡಿ ನಿಭಾಯಿಸುವ ಸಿಸ್ಟಮ್‌ಡಿ ಅದರ ಜೊತೆಗೇ ಬಂತು. ಇವತ್ತಿಗೂ ಸರ್ವಿಸ್ ಏಳದಿದ್ದರೆ ಅದಕ್ಕೂ ಮುಂಚೆ ಆ ಕೆಲಸ ಮಾಡುತ್ತಿದ್ದ ಹಳೇ ಇನಿಟ್ ಸ್ಕ್ರಿಪ್ಟ್ ಹುಡುಕುವ ಸೀನಿಯರ್‌ಗಳನ್ನು ನೋಡಿದ್ದೇನೆ. ಜರ್ನಲ್‌ಸಿಟಿಎಲ್ (ಸಿಸ್ಟಮ್‌ಡಿಯ ಲಾಗ್ ತೋರಿಸುವ ಕಮಾಂಡ್) ನೋಡಿ ಸರ್ ಅಂದರೆ ಮುಖ ಗಂಟು! ಆದರೆ ಬ್ಯಾಕಪ್ ಇದೆಯಾ ಅಂತ ಕೇಳಿದ ತಕ್ಷಣ "ರೀಸ್ಟೋರ್ ಮಾಡಿ ನೋಡಿದ್ದೀರಾ?" ಅಂತ ತಿರುಗಿ ಕೇಳುವವರೂ ಅವರೇ. ಅದಂತೂ ನಿಜ.

ಪ್ರಶ್ನೆ ಕೇಳಿದವರು:
ಸರಿ. ಅವಳು ಕಾರಣ ಹಿಡಿದಳು, ಆದರೆ ಯಾರನ್ನೂ ಕೇಳದೆ ರೀಸ್ಟಾರ್ಟ್ ಮಾಡಿಬಿಟ್ಟಳು ಅಂದರೆ?

ಉತ್ತರ 1:
ಆದರೂ ತೆಗೆದುಕೊಳ್ಳಿ. ಕೇಳುವ ಅಭ್ಯಾಸ ಕಲಿಸಬಹುದು, ಹುಡುಕುವ ಹಟ ಕಲಿಸುವುದು ಕಷ್ಟ. ಪ್ರೊಡಕ್ಷನ್, ಅಂದರೆ ನಿಜವಾಗಿ ಬಳಕೆಯಲ್ಲಿರುವ ಸರ್ವರಿನ ರೂಟ್ (ಪೂರ್ತಿ ಅಧಿಕಾರ) ಮಾತ್ರ ಈಗಲೇ ಬೇಡ. ಆ ಅಧಿಕಾರವನ್ನು ಅಳೆದು ಕೊಡಲು ಬಳಸುವ ಸುಡೋದಲ್ಲಿ ಬೇಕಾದ ಕಮಾಂಡ್ ಅಷ್ಟೇ ಕೊಡಿ, ಟೆಸ್ಟ್ ಸರ್ವರಿನಲ್ಲಿ ಏನು ಬೇಕಾದರೂ ಕೆಡಿಸಲಿ.

ಟೀಮಿನಲ್ಲಿ ಹಳಬರು ಯಾರೂ ಇಲ್ಲ ಅಂದರೆ ಮಾತು ಬೇರೆ. ಆಗ ಹತ್ತು ವರ್ಷದವರನ್ನೇ ತೆಗೆದುಕೊಳ್ಳಿ. ನಡುರಾತ್ರಿ ಅಲರ್ಟ್ ಬಂದರೆ ಪಾಪ ಅವಳು ಕೇಳುವುದಾದರೂ ಯಾರನ್ನ?