ಪ್ರಶ್ನೋತ್ತರ: ಬೌದ್ಧಿಕ ಅಂಗವೈಕಲ್ಯವಿರುವ ವಯಸ್ಕರಿಗೆ ಬಟ್ಟೆ ಹಾಕಲು ಕಲಿಸುವುದು, ಹಠಾತ್ ಹಠ, ಎಲ್ಲಕ್ಕೂ ‘ಹೂಂ’

ಪ್ರಶ್ನೆ: ಮೇಡಂ, ನಮ್ಮಣ್ಣನಿಗೆ 28 ವರ್ಷ, ಬೌದ್ಧಿಕ ಅಂಗವೈಕಲ್ಯ ಇದೆ. ಇವತ್ತಿಗೂ ಅಮ್ಮನೇ ಬಟ್ಟೆ ಹಾಕುತ್ತಾರೆ. ಈ ವಯಸ್ಸಲ್ಲಿ ಕಲಿಸೋಕಾಗುತ್ತಾ?

ಉತ್ತರ: ಆಗುತ್ತೆ. 1970ರ ದಶಕದ ಆರಂಭದಲ್ಲೇ ಅಮೆರಿಕದ ವಿಶೇಷ ಶಿಕ್ಷಣ ಸಂಶೋಧಕ ಮಾರ್ಕ್ ಗೋಲ್ಡ್, ತೀವ್ರ ವೈಕಲ್ಯವಿದ್ದವರಿಗೆ ಸೈಕಲ್ ಬ್ರೇಕಿನ ಬಿಡಿಭಾಗ ಜೋಡಿಸುವುದನ್ನು ಕಲಿಸಿ ತೋರಿಸಿದ್ದರು. ಅವರು ಮಾಡಿದ್ದು ಕೆಲಸವನ್ನು ಚಿಕ್ಕಚಿಕ್ಕ ಹಂತಗಳಾಗಿ ಒಡೆದು ಕಲಿಸಿದ್ದು.

ಟೀ-ಶರ್ಟಿನಿಂದ ಶುರು ಮಾಡಿ, ಗುಂಡಿಯ ಶರ್ಟು ಆಮೇಲೆ. ಒಂದು ಸೈಜ್ ದೊಡ್ಡದಿರಲಿ, ಕೊರಳು ಸಡಿಲವಿರಲಿ. ಹಂತಗಳು ಏಳು: ಎದೆಯ ಭಾಗ ಕೆಳಗಾಗಿ, ಅಂಚು ತನ್ನ ಕಡೆಗೆ ಬರುವಂತೆ ಹಾಸಿಗೆ ಮೇಲೆ ಹರಡುವುದು, ಎರಡೂ ಕೈಯಲ್ಲಿ ಅಂಚು ಹಿಡಿಯುವುದು, ತಲೆ ತೂರಿಸುವುದು, ಬಲಗೈ, ಎಡಗೈ, ಎದೆಯವರೆಗೆ ಎಳೆಯುವುದು, ಸೊಂಟದವರೆಗೆ ಎಳೆಯುವುದು. ಮೊದಲ ಆರನ್ನು ನೀವು ಮಾಡಿ, ಏಳನೆಯದು ಮಾತ್ರ ಅಣ್ಣನದು. ಮೂರು ದಿನ ಸತತವಾಗಿ ಯಾರ ಸಹಾಯವೂ ಇಲ್ಲದೆ ಎಳೆದುಕೊಂಡರೆ, ಆರು ಮತ್ತು ಏಳು ಅವರದು. ಹೀಗೆ ಹಿಂದಿನಿಂದ ಮುಂದಕ್ಕೆ ಬನ್ನಿ. ಮೊದಲ ದಿನದಿಂದಲೇ ಕೆಲಸ ಮುಗಿಸುವವರು ಅವರೇ ಆಗಿರುತ್ತಾರೆ. ಮೊದಲ ಹಂತದಿಂದ ಕಲಿಸಿದರೆ ಆ ತೃಪ್ತಿ ಪ್ರತಿದಿನ ನಿಮ್ಮ ಪಾಲಾಗುತ್ತದೆ.

ಬೆಳಗಿನ ಗಡಿಬಿಡಿಯಲ್ಲಿ ಕಲಿಸಬೇಡಿ, ಹೊತ್ತಾಯಿತು ಅಂತ ಕೊನೆಗೆ ನೀವೇ ಎಳೆದುಬಿಡುತ್ತೀರಿ. ಸಂಜೆ ಬಟ್ಟೆ ಬದಲಿಸುವಾಗ ಕಲಿಸಿ. ಅಮ್ಮ ಒಂದು ರೀತಿ, ನೀವು ಇನ್ನೊಂದು ರೀತಿ ಹೇಳಿಕೊಟ್ಟರೆ ಅವರು ಎರಡನ್ನೂ ಬಿಡುತ್ತಾರೆ. ಏಳೂ ಹಂತ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿ, ಮನೆಯವರೆಲ್ಲ ಅದರಂತೆಯೇ ಮಾಡಿ.

ಮರುಪ್ರಶ್ನೆ: ‘ಎಳಿ, ಎಳಿ’ ಅಂತ ಹತ್ತು ಸಲ ಹೇಳಿದರೂ ನನ್ನ ಮುಖ ನೋಡ್ತಾ ನಿಂತಿರ್ತಾನೆ.

ಉತ್ತರ: ತೊಂದರೆ ಇರೋದು ಆ ಹತ್ತು ಸಲದಲ್ಲೇ. ನೀವು ಹೇಳುವುದು ಅವರಿಗೆ ಕೆಲಸದ್ದೇ ಒಂದು ಭಾಗವಾಗಿಬಿಟ್ಟಿದೆ. ಮಾತಿನ ಸೂಚನೆಯನ್ನು ಬಿಡಿಸುವುದು ಬಹಳ ಕಷ್ಟ, ಹಾಗಾಗಿ ಒಂದೇ ಸಲ ಹೇಳಿ, ಮನಸ್ಸಿನಲ್ಲೇ ನಿಧಾನವಾಗಿ ಹತ್ತು ಎಣಿಸಿ. ನಮಗೆ ಅದು ತುಂಬಾ ಉದ್ದ ಅನಿಸುತ್ತದೆ, ಆದರೆ ಮಾತು ಕೇಳಿ ಅರ್ಥ ಮಾಡಿಕೊಂಡು ಕೈ ಆಡಿಸಲು ಅವರಿಗೆ ಅಷ್ಟು ಹೊತ್ತು ಬೇಕು. ನಡುವೆ ಮತ್ತೆ ಮಾತಾಡಿದರೆ ಅವರು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಹತ್ತಾದರೂ ಆಗದಿದ್ದರೆ ಬಾಯಿ ಮುಚ್ಚಿ ಕೈ ಬಳಸಿ: ಅವರ ಕೈ ಮೇಲೆ ಕೈ ಇಡಿ, ಕೆಲವು ದಿನ ಬಿಟ್ಟು ಮಣಿಕಟ್ಟು ಮುಟ್ಟಿ, ಆಮೇಲೆ ಮೊಣಕೈ, ಆಮೇಲೆ ಬೆರಳು ತೋರಿಸಿದರೆ ಸಾಕು, ಕೊನೆಗೆ ಅದೂ ಬೇಡ. ಮುಟ್ಟುವ ಮುಂಚೆ ‘ಕೈ ಹಿಡಿಯಲಾ?’ ಅಂತ ಕೇಳಿ. ಕೈ ಹಿಂದಕ್ಕೆಳೆದುಕೊಂಡರೆ ಅವತ್ತಿಗೆ ಬಿಡಿ. ‘ಗುಡ್ ಬಾಯ್’ ಬೇಡ, ಅವರು ದೊಡ್ಡವರು. ‘ನೀನೇ ಎಳ್ಕೊಂಡೆ’ ಅನ್ನಿ.

ಪ್ರಶ್ನೆ: ಮಗಳಿಗೆ 34, ಡೌನ್ ಸಿಂಡ್ರೋಮ್. ತಿಂಗಳಿಂದ ಕೆನ್ನೆಗೆ ಹೊಡೆದುಕೊಳ್ಳುತ್ತಾಳೆ, ರಾತ್ರಿ ಕೂಗುತ್ತಾಳೆ. ಹಠ ಅಂತ ಹೇಳಿ ಶಾಂತವಾಗಿರಲು ಮಾತ್ರೆ ಕೊಟ್ಟಿದ್ದಾರೆ. ಮಾತು ಕಡಿಮೆ ಅವಳಿಗೆ.

ಉತ್ತರ: ದಯವಿಟ್ಟು ಇದನ್ನು ಹಠ ಅನ್ನಬೇಡಿ. ಮಾತು ಕಡಿಮೆ ಇರುವವರ ನಡವಳಿಕೆ ಏಕಾಏಕಿ ಬದಲಾದರೆ ಮೊದಲು ನೋವು ಹುಡುಕಬೇಕು. ಎಲ್ಲವನ್ನೂ ವೈಕಲ್ಯದ ತಲೆಗೆ ಕಟ್ಟಿ ಕಾಯಿಲೆಯನ್ನು ಕಾಣದೇ ಹೋಗುವ ಈ ತಪ್ಪಿಗೆ 1982ರಲ್ಲೇ ‘ಡಯಾಗ್ನೋಸ್ಟಿಕ್ ಓವರ್‌ಶಾಡೋಯಿಂಗ್’ ಅಂತ ಹೆಸರಿಟ್ಟಿದ್ದಾರೆ, ಇಂದಿಗೂ ನಿಂತಿಲ್ಲ.

ಕೆನ್ನೆ ಅಂದರೆ ಮೊದಲು ಹಲ್ಲು, ಆಮೇಲೆ ಕಿವಿ. ಗುಗ್ಗೆ ಗಟ್ಟಿಯಾಗಿ ಕೂತಿದ್ದರೂ ಹೀಗಾಗುತ್ತದೆ. ರಾತ್ರಿ ಮಲಗಿದಾಗ ಹೆಚ್ಚಾದರೆ ಎದೆಯುರಿಯನ್ನೂ ನೋಡಿಸಿ. ಮುಟ್ಟಿನ ದಿನಗಳ ಜೊತೆ ತಾಳೆ ಹಾಕಿ. ಡೌನ್ ಸಿಂಡ್ರೋಮ್ ಇರುವವರಿಗೆ ಥೈರಾಯ್ಡ್ ತೊಂದರೆ, ನಿದ್ರೆಯಲ್ಲಿ ಉಸಿರು ಕಟ್ಟುವುದು, ಕಿವಿ ಮಂದವಾಗುವುದು, ಕಣ್ಣಿನ ಪೊರೆ ಹೆಚ್ಚು. ಥೈರಾಯ್ಡ್ ರಕ್ತಪರೀಕ್ಷೆ ನಿಯಮಿತವಾಗಿ ಆಗುತ್ತಿರಬೇಕು. ಇವರಲ್ಲಿ ಮರೆವಿನ ಕಾಯಿಲೆ ಬೇಗ ಬರುತ್ತದೆ ನಿಜ. ಆದರೆ 34ಕ್ಕೇ ಆ ತೀರ್ಮಾನಕ್ಕೆ ಹಾರುವ ಮುಂಚೆ ಇವೆಲ್ಲ ಮುಗಿಯಬೇಕು.

ಎಲ್ಲರೂ ಮರೆಯುವುದು ಮಲಬದ್ಧತೆಯನ್ನು. ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಹೋದರೆ ಅನುಮಾನಿಸಿ. ಒಳಗೆ ಗಟ್ಟಿಯಾಗಿ ಕಟ್ಟಿಕೊಂಡಾಗ ಅದರ ಪಕ್ಕದಿಂದ ನೀರಾಗಿ ಸೋರುತ್ತದೆ. ಭೇದಿ ಅಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಇನ್ನಷ್ಟು ಕಟ್ಟುತ್ತದೆ, ಪ್ರಾಣಕ್ಕೂ ಅಪಾಯ. ಶಾಂತವಾಗಿರಲು ಕೊಡುವ ಹಲವು ಮಾತ್ರೆಗಳೇ ಮಲಬದ್ಧತೆ ತರುತ್ತವೆ. ಹಾಗಂತ ಮಾತ್ರೆಯನ್ನು ನೀವಾಗಿ ತಟ್ಟನೆ ನಿಲ್ಲಿಸಬೇಡಿ, ವೈದ್ಯರ ಜೊತೆ ಕೂತು ನಿಧಾನವಾಗಿ ಇಳಿಸಬೇಕು.

ಇವತ್ತಿನಿಂದ 14 ದಿನ ಬರೆದಿಡಿ: ಎಷ್ಟು ಹೊತ್ತಿಗೆ ಹೊಡೆದುಕೊಂಡಳು, ಅದಕ್ಕೆ ಮುಂಚೆ ಏನಾಗಿತ್ತು, ನೀವೇನು ಮಾಡಿದಿರಿ, ಜೊತೆಗೆ ಊಟ, ನಿದ್ರೆ, ಮಲ, ಮುಟ್ಟು. ‘ತುಂಬಾ ಸಿಟ್ಟು’ ಅಂತ ಬರೆಯಬೇಡಿ, ‘ಬಲಗೆನ್ನೆಗೆ ಆರು ಸಲ’ ಅಂತ ಬರೆಯಿರಿ. ಹಲ್ಲಿನ ಪರೀಕ್ಷೆಯನ್ನು ಮಾತ್ರ ಆ 14 ದಿನ ಮುಗಿಯಲಿ ಅಂತ ಮುಂದೂಡಬೇಡಿ. ಊಟ ಬಿಟ್ಟರೆ, ಜ್ವರ ಬಂದರೆ, ವಾಂತಿ ಅಥವಾ ಹೊಟ್ಟೆ ಉಬ್ಬರ ಕಂಡರೆ ಅವತ್ತೇ ಹೋಗಿ.

ಪ್ರಶ್ನೆ: ತಮ್ಮ ಏನು ಕೇಳಿದರೂ ‘ಹೂಂ’ ಅಂತಾನೆ. ಬೇರೆ ಮನೆಗೆ ಹೋಗಿ ಇರ್ತೀಯಾ ಅಂದರೂ ಹೂಂ. ನಿಜವಾದ ಇಷ್ಟ ತಿಳಿಯೋದು ಹೇಗೆ?

ಉತ್ತರ: ಹೂಂ-ಉಹೂಂ ಪ್ರಶ್ನೆ ಬಿಡಿ. ಎದುರಿನವರು ಬೇಸರ ಮಾಡಿಕೊಳ್ಳಬಾರದು ಅಂತ ಒಪ್ಪಿಬಿಡುವುದು ಇವರು ವರ್ಷಗಟ್ಟಲೆ ರೂಢಿಸಿಕೊಂಡಿದ್ದು. ಎರಡು ವಸ್ತು ಅಥವಾ ಫೋಟೊ ಮುಂದಿಟ್ಟು ‘ಯಾವುದು?’ ಅನ್ನಿ. ಸ್ವಲ್ಪ ಹೊತ್ತು ಬಿಟ್ಟು ಎಡಬಲ ಬದಲಿಸಿ ಮತ್ತೆ ಕೇಳಿ. ಯಾವಾಗಲೂ ಬಲಗಡೆಯದನ್ನೇ ಮುಟ್ಟಿದರೆ ಅದು ಆಯ್ಕೆಯಲ್ಲ. ಬಾಯಲ್ಲಿ ಕೇಳುವಾಗಲೂ ಕೊನೆಯ ಪದವನ್ನೇ ಮರುನುಡಿಯುವವರಿದ್ದಾರೆ, ಕ್ರಮ ತಿರುಗಿಸಿ ನೋಡಿ.

ಮನೆ ಬದಲಿಸುವಂಥದ್ದನ್ನು ಕೂರಿಸಿಕೊಂಡು ಕೇಳಿ ತೀರ್ಮಾನಿಸಲಾಗದು, ಅವರು ಅದನ್ನು ಕಂಡಿಲ್ಲ. ಮೊದಲು ಒಂದು ಮಧ್ಯಾಹ್ನ, ಆಮೇಲೆ ಒಂದು ರಾತ್ರಿ, ಆಮೇಲೆ ವಾರಾಂತ್ಯ ಅಲ್ಲಿ ಇದ್ದು ಬರಲಿ. ಊಟ, ನಿದ್ರೆ, ಮುಖ ನೋಡಿ. ಮರುದಿನ ಅಲ್ಲಿಗೆ ಹೊರಡಲು ಚಪ್ಪಲಿ ತಾವೇ ಹಾಕಿಕೊಳ್ಳುತ್ತಾರಾ, ಬಾಗಿಲಲ್ಲೇ ನಿಲ್ಲುತ್ತಾರಾ ಅನ್ನುವುದು ನೂರು ಹೂಂಗಿಂತ ಹೆಚ್ಚು ಹೇಳುತ್ತದೆ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿ ಹೇಳುವುದೂ ಇದನ್ನೇ: ಎಲ್ಲಿ, ಯಾರ ಜೊತೆ ಇರಬೇಕೆಂಬ ಆಯ್ಕೆ ಅವರದು.

ಪ್ರಶ್ನೆ: ಇದೇ ತಮ್ಮ ಒಬ್ಬನೇ ಬಸ್ಸಲ್ಲಿ ಹೋಗೋದು ಕಲೀಬಹುದಾ?

ಉತ್ತರ: ಒಂದೇ ದಾರಿ, ಒಂದೇ ಹೊತ್ತು ಅಂತ ಶುರು ಮಾಡಿ. ಪಕ್ಕದಲ್ಲಿ ಕೂತು, ಆಮೇಲೆ ಹಿಂದಿನ ಸೀಟಲ್ಲಿ, ಆಮೇಲೆ ಅವರು ಇಳಿಯುವ ಸ್ಟಾಪಿನಲ್ಲಿ ನೀವು ಕಾಯಿರಿ. ಇಳಿಯುವ ಗುರುತಾಗಿ ಬದಲಾಗುವ ಬೋರ್ಡು, ಅಂಗಡಿ ಬೇಡ, ಸೇತುವೆಯಂಥದ್ದು ಹಿಡಿಯಿರಿ. ಕೆಡುವುದು ಸಾಮಾನ್ಯವಾಗಿ ಬಸ್ಸು ದಾರಿ ಬದಲಿಸಿದಾಗ. ಅದಕ್ಕೇ ಸ್ಟಾಪ್ ತಪ್ಪಿದರೆ ಏನು ಮಾಡಬೇಕೆಂದು ಬೇಕೆಂದೇ ಒಂದು ಸ್ಟಾಪ್ ಮುಂದೆ ಇಳಿಸಿ, ನೀವು ಜೊತೆಗಿದ್ದಾಗಲೇ ಹಲವು ಸಲ ಅಭ್ಯಾಸ ಮಾಡಿಸಿ: ಇಳಿ, ಅಲ್ಲೇ ನಿಲ್ಲು, ಫೋನ್ ಮಾಡು. ಫೋನ್ ಚಾರ್ಜ್ ಮುಗಿದರೆ ತೋರಿಸಲು ನಂಬರ್ ಬರೆದ ಚೀಟಿ ಜೇಬಿನ ಒಳಗಿರಲಿ, ಕೊರಳಿಗೆ ನೇತುಹಾಕಬೇಡಿ.