ಊತ ಇಳಿಯಲಿ, ಆದರೆ ನೋವಿನ ಮೇಲೆ ಕಣ್ಣಿಡು

ಮಗಳೇ, ನಿನ್ನ ಮೆಸೇಜು ಈಗ ನೋಡಿದೆ. ಅಳಿಯಂದಿರಿಗೆ ನಿನ್ನೆ ಮೊಣಕಾಲಿನ ಕೀಲಿಗೆ ತಾಗಿದ ಹಾಗೆ ಕೆಳಗಿನ ಮೂಳೆ ಮುರಿದಿದೆ, ಪ್ಲೇಟ್ ಹಾಕಬೇಕು ಅಂದ ಡಾಕ್ಟರೇ ಊತ ಇಳಿಯಲಿ ಅಂತ ಕಾಯಿಸುತ್ತಿದ್ದಾರೆ, ತಡವಾದರೆ ತೊಂದರೆಯಾ ಅಂತ ಕೇಳಿದ್ದೀಯ. ಅದಕ್ಕೆ ಬರುತ್ತೇನೆ. ಮೊದಲು ಇದು ಕೇಳು. ಗ್ರೂಪಿನಲ್ಲಿ ಇರುವವರೆಲ್ಲ ಕೇಳಿ.

ನನ್ನ ಎಡಗಾಲಿನ ಉದ್ದ ಗುರುತು ನೀವೆಲ್ಲ ನೋಡಿದ್ದೀರಿ. ಆಪರೇಷನ್ ಕೆಟ್ಟು ಹಾಗಾಯಿತು ಅಂದುಕೊಂಡವರೇ ಜಾಸ್ತಿ. ಅಲ್ಲ. ನನಗೂ ಮುರಿದದ್ದು ಅದೇ ಜಾಗ. ಕಟ್ಟು ಹಾಕಿ ಮಲಗಿಸಿದ್ದರು. ರಾತ್ರಿಯಾಗುತ್ತಾ ನೋವು ಏರುತ್ತಲೇ ಹೋಯಿತು. ಇಂಜೆಕ್ಷನ್ ಕೊಟ್ಟರೂ ಬಗ್ಗಲಿಲ್ಲ. ಮೀನಖಂಡ ಕಲ್ಲಾಗಿತ್ತು. ನರ್ಸ್ ಕಾಲ್ಬೆರಳು ಸ್ವಲ್ಪ ಮೇಲಕ್ಕೆ ಎತ್ತಿದರೂ ಕಿರುಚುತ್ತಿದ್ದೆ. ಆಮೇಲೆ ಹೆಬ್ಬೆರಳಿನ ಸಂದಿಯಲ್ಲಿ ಜೋಮು.

ಮೊಣಕಾಲಿನ ಕೆಳಗೆ ಸ್ನಾಯುಗಳು ನಾಲ್ಕು ಕೋಣೆಗಳಲ್ಲಿ ಇರುತ್ತವೆ. ಅವುಗಳ ಹೊದಿಕೆ ಹಿಗ್ಗುವುದಿಲ್ಲ. ಒಳಗೆ ರಕ್ತ, ಊತ ತುಂಬಿದರೆ ಒತ್ತಡ ಏರಿ ಸ್ನಾಯುವಿಗೆ ರಕ್ತ ಹೋಗುವುದೇ ನಿಲ್ಲುತ್ತದೆ. ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅನ್ನುತ್ತಾರೆ. ಸುಮಾರು 6 ಗಂಟೆ ಹಾಗೇ ಬಿಟ್ಟರೆ ಸ್ನಾಯು, ನರ ಎರಡೂ ಹಾಳಾಗಬಹುದು. ಹೊದಿಕೆ ಸೀಳಿ ಒತ್ತಡ ಬಿಡಿಸಬೇಕು, ಬೇರೆ ದಾರಿ ಇಲ್ಲ. ನನ್ನ ಕಾಲಿನ ಗುರುತು ಅದರದ್ದು. ಎಕ್ಸ್-ರೇಯಲ್ಲಿ ಇದು ಕಾಣುವುದಿಲ್ಲ. ಪಾದದಲ್ಲಿ ನಾಡಿ ಸಿಕ್ಕಿತು ಅಂತಲೂ ನೆಮ್ಮದಿಯಾಗಿ ಇರುವ ಹಾಗಿಲ್ಲ. ಅದಕ್ಕೇ ಹೇಳುತ್ತೇನೆ, ಔಷಧಿಗೂ ಇಳಿಯದ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡ. ಆಗಲೇ ಡಾಕ್ಟರನ್ನು ಕರೆಸು.

ಆ ರಾತ್ರಿ ನನ್ನ ಮಾತು ಯಾರು ನಂಬಿದರು ಹೇಳಿ? ಮೂಳೆ ಮುರಿದರೆ ನೋಯಲ್ವಾ, ಸಹಿಸಿಕೋ ಅಂದರು. ಇವಳದ್ದು ಯಾವಾಗಲೂ ಜಾಸ್ತಿ ಅಂತ ಹೊರಗೆ ನಿಂತು ಮಾತಾಡಿದ್ದು ನನಗೆ ಕೇಳಿಸಿತು. ನಿಮ್ಮ ದೊಡ್ಡಪ್ಪ ಒಬ್ಬರೇ ಬಾಗಿಲಿಂದ ಬಾಗಿಲಿಗೆ ಹೋಗಿ ದೊಡ್ಡ ಡಾಕ್ಟರನ್ನು ಎಬ್ಬಿಸಿ ಕರೆತಂದರು. ಆಮೇಲೆ ತಿಂಗಳುಗಟ್ಟಲೆ ವಾಕರ್ ಹಿಡಿದುಕೊಂಡಿದ್ದೆ, ಆಗ ಈ ಮನೆಯವರಲ್ಲಿ ಎಷ್ಟು ಜನ ಬಂದು ನೋಡಿದರು? ಮದುವೆ ಅಂದರೆ ವ್ಯಾನು ತುಂಬುತ್ತದೆ. ಹೆಂಗಸು ನೋವು ಅಂದರೆ ನಾಟಕ ಅನ್ನುವುದು ನಮ್ಮಲ್ಲಿ ಇನ್ನೂ ಹೋಗಿಲ್ಲ, ಅದು ನನಗೆ ಈಗಲೂ ಹೊಟ್ಟೆ ಉರಿಸುತ್ತದೆ. ಗಂಡಸರು ಬಾಯಿ ಬಿಡದೆ ಹಲ್ಲು ಕಚ್ಚುತ್ತಾರೆ, ಅದೂ ಅಷ್ಟೇ ಅಪಾಯ. ಅಳಿಯಂದಿರು ಅಂಥವರೇ ಅಲ್ವಾ?

ಅಯ್ಯೋ, ನೀನು ಕೇಳಿದ್ದು ಹೇಳಲೇ ಇಲ್ಲ. ಡಾಕ್ಟರು ಕಾಯುವುದು ಸರಿ. ಅಲ್ಲಿ ಚರ್ಮದ ಕೆಳಗೇ ಮೂಳೆ. ಊದಿದ ಚರ್ಮ ಕೊಯ್ದರೆ ಗಾಯ ಕೂಡದೇ ಹೋಗಬಹುದು, ಕೀವಾಗಬಹುದು, ಪ್ಲೇಟಿಗೂ ಸೋಂಕು ತಗಲಬಹುದು. ಚರ್ಮದಲ್ಲಿ ಮತ್ತೆ ಸುಕ್ಕು ಕಾಣಿಸಿಕೊಂಡರೆ ಊತ ಇಳಿದಿದೆ ಅಂತ ಅರ್ಥ. ಒಂದೆರಡು ವಾರ ಹಿಡಿಯಬಹುದು. ಅಷ್ಟರಲ್ಲಿ ಸಿಟಿ ಸ್ಕ್ಯಾನ್ ನೋಡಿ, ಕೀಲಿನ ಮೇಲ್ಮೈ ಎಲ್ಲಿ ಕುಸಿದಿದೆ, ಹೇಗೆ ಎತ್ತಿ ಕೂರಿಸಬೇಕು ಅಂತ ಲೆಕ್ಕ ಹಾಕುತ್ತಾರೆ. ಆಪರೇಷನ್ ಆದಮೇಲೆ ಮೊಣಕಾಲು ಬೇಗ ಮಡಿಸಲು ಹೇಳುತ್ತಾರೆ, ಇಲ್ಲದಿದ್ದರೆ ಬಿಗಿದುಕೊಳ್ಳುತ್ತದೆ. ಆದರೆ ಭಾರ ಹಾಕುವುದು ಅವರು ಹೇಳಿದ ಮೇಲೆಯೇ, ಸಾಮಾನ್ಯವಾಗಿ 6ರಿಂದ 12 ವಾರ ಹಿಡಿಯುತ್ತದೆ. ಸಿಗರೇಟು ಇವತ್ತೇ ಬಿಡಲಿ, ಮೂಳೆ ಕೂಡುವುದನ್ನು ಅದು ತಡಮಾಡುತ್ತದೆ.

ಇನ್ನೊಮ್ಮೆ ಹೇಳುತ್ತೇನೆ, ಔಷಧಿಗೆ ಬಗ್ಗದ ನೋವು, ಬಿಗಿದ ಮೀನಖಂಡ, ಬೆರಳು ಎತ್ತಿದರೆ ಕಿರುಚುವಷ್ಟು ನೋವು, ಇವಕ್ಕೆ ಸುಮ್ನೆ ಕೂರಬೇಡ. ಆಪರೇಷನ್ ಆದಮೇಲೂ ಇದು ಬರಬಹುದು. ಕಟ್ಟು ಸಡಿಲ ಮಾಡಿ ಅಂತ ಕೂಡಲೇ ಕೇಳು. ರಕ್ತ ಹೆಪ್ಪುಗಟ್ಟದ ಹಾಗೆ ಇಂಜೆಕ್ಷನ್ ಕೊಡುತ್ತಿದ್ದಾರಾ ಅಂತಲೂ ವಿಚಾರಿಸಿ ಇಲ್ಲಿ ಹಾಕು.