ಹೊಸ ಗಿರಾಕಿಗೆ ಮೊದಲು ಏನು ಕಳಿಸುತ್ತೀರಿ?

ಇಳಕಲ್‌ನಿಂದ: ನಾನೂ ನಮ್ಮ ಯಜಮಾನರೂ ಕೈಮಗ್ಗದ ಸೀರೆಗಳ ಸಗಟು ವ್ಯಾಪಾರ ಮಾಡುತ್ತೇವೆ. ಬೇರೆ ಊರಿನ ಅಂಗಡಿಯವರು ವಿಚಾರಿಸಿದರೆ ಫೋಟೊ, ವಿಡಿಯೊ, ದರಪಟ್ಟಿ ಎಲ್ಲವನ್ನೂ ವಾಟ್ಸ್‌ಆ್ಯಪ್‌ಗೆ ಸುರಿಯುತ್ತೇವೆ. ‘ನೋಡಿ ಹೇಳುತ್ತೇವೆ’ ಎಂದವರು ಮತ್ತೆ ಮಾತಾಡುವುದಿಲ್ಲ. ಇವನ್ನು ಹೇಗೆ ಜೋಡಿಸಿ ತೋರಿಸಬೇಕು? ಅನುಭವವಿದ್ದವರು ತಿಳಿಸಿ.

ಗುಳೇದಗುಡ್ಡದಿಂದ: ಅಕ್ಕ, ನಮ್ಮದು ಖಣದ, ಅಂದರೆ ರವಿಕೆ ಬಟ್ಟೆಯ ವ್ಯಾಪಾರ. ಮಂಗಳೂರಿನ ಒಬ್ಬರಿಗೆ ಒಂದೇ ರಾತ್ರಿ ಎಂಬತ್ತು ಫೋಟೊ ಕಳಿಸಿದ್ದೆ. ಬೆಳಿಗ್ಗೆ ಅವರು ಕೇಳಿದ್ದು ಒಂದೇ ಮಾತು: ‘ಬಣ್ಣ ಬಿಡುತ್ತದೆಯೇ?’ ಎಂಬತ್ತರಲ್ಲಿ ಒಂದರಲ್ಲೂ ಅದಕ್ಕೆ ಉತ್ತರವಿರಲಿಲ್ಲ. ಅಂದಿನಿಂದ ಗಿರಾಕಿಗಳ ಪ್ರಶ್ನೆಗಳನ್ನು ಹಳೆಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯತೊಡಗಿದೆ. ತಿರುತಿರುಗಿ ಬಂದವು ಐದಾರೇ: ಬಣ್ಣ, ಕೈಮಗ್ಗವೋ ಪವರ್‌ಲೂಮೋ, ಅದೇ ವಿನ್ಯಾಸ ಮತ್ತೆ ಸಿಗುತ್ತದೆಯೇ, ಕನಿಷ್ಠ ಎಷ್ಟು ಕೊಳ್ಳಬೇಕು, ಉಳಿದರೆ ಮರಳಿ ಪಡೆಯುತ್ತೀರಾ. ಈಗ ನನ್ನ ಮೊಬೈಲಿನ ಫೋಲ್ಡರುಗಳಿಗೆ ಈ ಪ್ರಶ್ನೆಗಳೇ ಹೆಸರು.

ನಿಮ್ಮಲ್ಲಾದರೆ ಮೊದಲು ಹೋಗಬೇಕಾದದ್ದು ಕೊಂಡಿಯ ವಿಡಿಯೊ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆ ಹಾಕಿ ಸೇರಿಸುವುದನ್ನು ಹತ್ತಿರದಿಂದ ಅರ್ಧ ನಿಮಿಷ ತೋರಿಸಿ. ದರ ಏಕೆ ಹೆಚ್ಚೆಂದು ಆಮೇಲೆ ವಾದಿಸುವ ಕೆಲಸ ಉಳಿಯುವುದಿಲ್ಲ. ದಡಿಗೆ ‘ಚಿಕ್ಕಿ ಪರಾಸ’, ‘ಗೋಮಿ’ ಎಂದು ಬರೀ ಹೆಸರು ಬರೆದರೆ ದೂರದವರಿಗೆ ಏನು ತಿಳಿಯಬೇಕು? ಪಕ್ಕದಲ್ಲೇ ಚಿತ್ರವಿರಲಿ.

ಬೆಳಗಾವಿ ಉದ್ಯಮಬಾಗದಿಂದ: ನಾನು ಫೌಂಡ್ರಿಯೊಂದರ ಮಾರಾಟ ವಿಭಾಗದಲ್ಲಿದ್ದೇನೆ. ಎರಕದ ಮಾಲಿಗೂ ಸೀರೆಗೂ ಏನು ಸಂಬಂಧ ಎನ್ನಬೇಡಿ. ನಮ್ಮ ಕಾಗದ ಒಂದೇ ಕಂಪನಿಯಲ್ಲಿ ಮೂವರ ಮೇಜು ಹತ್ತುತ್ತದೆ. ಖರೀದಿಯವರಿಗೆ ಕಿಲೋ ದರ ಬೇಕು, ಗುಣಮಟ್ಟ ನೋಡುವವರಿಗೆ ಪರೀಕ್ಷಾ ವರದಿ ಬೇಕು, ಮಾಲೀಕರಿಗೆ ನಾವು ಈಗಾಗಲೇ ಯಾರಿಗೆ ಮಾಲು ಕೊಡುತ್ತಿದ್ದೇವೆಂದು ತಿಳಿಯಬೇಕು. ನಲವತ್ತು ಪುಟದ ಪಿಡಿಎಫ್ ಅನ್ನು ಒಡೆದು ಮೂರು ಮಾಡಿದೆವು. ಇನ್ನೊಂದು, ದರಪಟ್ಟಿಯ ಫೈಲಿನ ಹೆಸರಿನಲ್ಲೇ ತಿಂಗಳು, ವರ್ಷ ಹಾಕಿ. ನಮ್ಮ ಹುಡುಗ ಹಳೆಯದನ್ನು ಕಳಿಸಿ, ಒಂದು ಲೋಡು ಮಾಲನ್ನು ಹೋದ ವರ್ಷದ ದರಕ್ಕೆ ಕೊಟ್ಟೆವು!

ವಿಜಯಪುರದಿಂದ: ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ನಂಬಿ ಕೂರಬೇಡಿ. ಒಂದು ಪಟ್ಟಿಗೆ 256 ಜನರಷ್ಟೇ, ಅದೂ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹೊಸಬರು ಎಲ್ಲಿ ಸೇವ್ ಮಾಡಿಕೊಂಡಿರುತ್ತಾರೆ? ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್‌ನಲ್ಲಿ ಮಾಲು ಜೋಡಿಸಿ, ಕೇಳಿದವರಿಗೆ ಅದರ ಲಿಂಕ್ ಕೊಡಿ. ಆದರೂ ನನ್ನ ಒಣದ್ರಾಕ್ಷಿಗೆ ಆರ್ಡರ್ ಬರುವುದು ಕಾಲು ಕಿಲೋ ಸ್ಯಾಂಪಲ್ ಕೈಸೇರಿದ ಮೇಲೆಯೇ. ಫೋಟೊದಲ್ಲಿ ಹಸಿರು ಕಂಡದ್ದು ಅವರ ಮೊಬೈಲಿನಲ್ಲಿ ಹಳದಿಯಾಗಿರುತ್ತದೆ. ಒಂದು ಗೇಣು ಬಟ್ಟೆ ಅಂಚೆಯಲ್ಲಿ ಕಳಿಸಿ ನೋಡಿ.

ಇಳಕಲ್‌ನಿಂದ: ಎಲ್ಲರಿಗೂ ಧನ್ಯವಾದ. ಗೇಣು ಬಟ್ಟೆಗೆ ಇಡೀ ಸೀರೆ ಕತ್ತರಿಸಬೇಕೇ ಎಂದು ಯಜಮಾನರು ಮುಖ ಗಂಟಿಕ್ಕಿದ್ದಾರೆ.

ಗುಳೇದಗುಡ್ಡದಿಂದ: ಕಲೆ ಬಿದ್ದು ಮೂಲೆ ಸೇರಿದ ಸೀರೆ ಒಂದಾದರೂ ಇದ್ದೇ ಇರುತ್ತದೆ ಅಕ್ಕ. ಅದಕ್ಕೇ ಕತ್ತರಿ ಹಾಕಿ.